ಪ್ರಶಸ್ತಿ ಸ್ಪರ್ಧೆಗೆ ಎಂಟ್ರಿ ಕಳಿಸಿದವರು ಯಾರಾದರೂ ಇದ್ದೀರಾ? ಅನುಭವ ಹೇಳಿ

ಕೇಳಿದವರು: ಮಂಡ್ಯದಿಂದ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಒಂದು ಸಣ್ಣ ಸಂಸ್ಥೆಯಲ್ಲಿ ಪ್ರಚಾರದ ಕೆಲಸ ನೋಡಿಕೊಳ್ಳುತ್ತೇನೆ. ಪ್ರೆಸ್ ನೋಟ್ ಬರೆಯುವುದರಿಂದ ಹಿಡಿದು ಆಟೋಗೆ ಮೈಕ್ ಕಟ್ಟಿಸುವವರೆಗೆ ಎಲ್ಲವೂ ನನ್ನದೇ. ಕಳೆದ ಸಲ ಕಬ್ಬು ಕಟಾವಿನ ಸಮಯದಲ್ಲಿ ಎಂಟು ಹಳ್ಳಿಗಳಲ್ಲಿ ‘ತರಗು ಸುಡಬೇಡಿ’ ಅಂತ ಅಭಿಯಾನ ಮಾಡಿದೆವು. ತರಗು ಅಂದರೆ ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಉಳಿಯುವ ಒಣಗಿದ ಎಲೆ. ಈಗ ದಕ್ಷಿಣ ರಾಜ್ಯಗಳ ಸಂವಹನ ವೃತ್ತಿಯವರಿಗೆ ಒಂದು ಪ್ರಾದೇಶಿಕ ಪ್ರಶಸ್ತಿ ಸ್ಪರ್ಧೆ ಇದೆ. ನಮ್ಮ ಕಾರ್ಯದರ್ಶಿಗಳು ‘ಕಳಿಸಿ ನೋಡಿ’ ಅಂದರು. ಫಾರಂ ತೆರೆದರೆ ಕೈಕಾಲು ಆಡಲಿಲ್ಲ. ನಾಲ್ಕು ಪುಟದ ಬರಹ ಬೇಕಂತೆ. ಗುರಿ ಏನು, ಕೇಳುಗರು ಯಾರು, ಫಲಿತಾಂಶ ಏನು, ಪುರಾವೆ ಎಲ್ಲಿ. ನನ್ನ ಹತ್ತಿರ ಇರುವುದು ಒಂದು ಫೈಲ್ ತುಂಬ ಪೇಪರ್ ಕ್ಲಿಪಿಂಗ್, ಒಂದಷ್ಟು ಫೋಟೋ, ಮೈಕ್‌ನಲ್ಲಿ ಹಾಕಿದ ಆಡಿಯೋ. ಎಲ್ಲವೂ ಕನ್ನಡದಲ್ಲಿ. ಬೆಂಗಳೂರು, ಚೆನ್ನೈನ ದೊಡ್ಡ ಏಜೆನ್ಸಿಗಳ ಮುಂದೆ ಇದು ನಿಲ್ಲುತ್ತದಾ? ಕೊನೆಯ ದಿನಕ್ಕೆ ಮೂರು ವಾರ ಇದೆ.

ಮೈಸೂರು, ಸರಸ್ವತಿಪುರಂನಿಂದ. ಪಿಆರ್ (ಸಾರ್ವಜನಿಕ ಸಂಪರ್ಕ) ಕೆಲಸದಲ್ಲಿ ಇಪ್ಪತ್ತು ವರ್ಷ

ಖಂಡಿತ ಕಳಿಸಿ ತಂಗಿ. ನಾನು ಮೊದಲ ಸಲ ಕಳಿಸಿದಾಗ ಏನಾಯಿತು ಅಂತ ಹೇಳುತ್ತೇನೆ, ನಿಮ್ಮ ಕ್ಲಿಪಿಂಗ್ ಫೈಲ್‌ಗೆ ಅದು ನೇರವಾಗಿ ಸಂಬಂಧಪಟ್ಟಿದ್ದು.

ಮಳೆನೀರು ಸಂಗ್ರಹದ ಬಗ್ಗೆ ಜಾಗೃತಿ ಮೂಡಿಸುವ ಕೆಲಸ ಅದು. 41 ಕ್ಲಿಪಿಂಗ್ ಬಂದಿತ್ತು. ಒಂದೊಂದನ್ನೂ ಟೇಬಲ್ ಮೇಲೆ ಹಾಸಿ, ಸ್ಕೇಲ್ ಇಟ್ಟು ಅಳೆದೆ. ಇಷ್ಟು ಕಾಲಂ ಅಗಲ, ಇಷ್ಟು ಸೆಂಟಿಮೀಟರ್ ಉದ್ದ. ಆ ಪತ್ರಿಕೆಯ ಜಾಹೀರಾತು ದರ ಹಾಕಿ ಗುಣಿಸಿದೆ. ಲಕ್ಷಗಟ್ಟಲೆ ರೂಪಾಯಿ ಆಯಿತು. ಅದನ್ನೇ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ ಕಳಿಸಿದೆ. ಬಹುಮಾನ ಬರಲಿಲ್ಲ. ಅಂಕಗಳ ಜೊತೆ ತೀರ್ಪುಗಾರರು ಬರೆದಿದ್ದ ಒಂದು ಸಾಲು ಬಂತು: ‘ಸುದ್ದಿ ಬಂದಿದ್ದು ಸರಿ. ಎಷ್ಟು ಮನೆಯವರು ತೊಟ್ಟಿ ಕಟ್ಟಿಸಿದರು?’ ನಾನು ಒಂದು ಮನೆಗೂ ಹೋಗಿ ನೋಡಿರಲಿಲ್ಲ.

ಹೀಗೆ ಸುದ್ದಿಯನ್ನು ಜಾಹೀರಾತಿನ ದರದಲ್ಲಿ ಅಳೆಯುವುದಕ್ಕೆ ನಮ್ಮಲ್ಲಿ ಎವಿಇ ಅಂತಾರೆ. 2010ರಲ್ಲಿ ಬಾರ್ಸಿಲೋನಾದಲ್ಲಿ ಸಂವಹನ ಮಾಪನದವರೆಲ್ಲ ಸೇರಿ, ಎವಿಇಯಿಂದ ಸಂವಹನದ ಬೆಲೆ ಗೊತ್ತಾಗುವುದಿಲ್ಲ ಅಂತ ಒಪ್ಪಿಕೊಂಡರು. ಅವತ್ತು ಒಪ್ಪಿದ್ದಕ್ಕೆ ಬಾರ್ಸಿಲೋನಾ ತತ್ವಗಳು ಅಂತಲೇ ಹೆಸರು. ಎಷ್ಟೋ ಆಫೀಸುಗಳ ತಿಂಗಳ ವರದಿಯಲ್ಲಿ ಈಗಲೂ ಆ ಲೆಕ್ಕ ಇರುತ್ತದೆ. ನಿಮ್ಮ ಎಂಟ್ರಿಗೆ ಮಾತ್ರ ಬೇಡ. ಕ್ಲಿಪಿಂಗ್‌ಗಳಲ್ಲಿ ಒಳ್ಳೆಯ ಮೂರು ನಾಲ್ಕು ಇಡಿ, ಸಾಕು.

ಫಾರಂ ನೋಡಿ ಭಯ ಬೇಡ. ಹೆಚ್ಚು ಕಡಿಮೆ ಎಲ್ಲ ಕಡೆ ಅಚ್ಚು ಒಂದೇ. ಐಎಬಿಸಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಗೋಲ್ಡ್ ಕ್ವಿಲ್ ಪ್ರಶಸ್ತಿಗೆ ‘ವರ್ಕ್ ಪ್ಲಾನ್’ ಅಂತ ಬರೆಯಬೇಕು. ಸಮಸ್ಯೆ ಏನಿತ್ತು, ಯಾರ ಜೊತೆ ಮಾತಾಡಬೇಕಿತ್ತು, ಗುರಿ ಏನು, ಏನು ಮಾಡಿದಿರಿ, ಏನು ತೊಡಕಾಯಿತು, ಕೊನೆಗೆ ಏನಾಯಿತು. ಅಲ್ಲಿ 1ರಿಂದ 7ರವರೆಗೆ ಅಂಕ ಕೊಡುತ್ತಾರೆ. ಅಮೆರಿಕದ ಪಿಆರ್ ವೃತ್ತಿಯವರ ಸಂಘವಾದ ಪಿಆರ್‌ಎಸ್‌ಎಯ ಸಿಲ್ವರ್ ಆನ್ವಿಲ್‌ನಲ್ಲೂ ಇದೇ ವಿಷಯ ನಾಲ್ಕು ಹೆಜ್ಜೆಯಲ್ಲಿ: ಅಧ್ಯಯನ, ಯೋಜನೆ, ಜಾರಿ, ಮೌಲ್ಯಮಾಪನ. ನಿಮ್ಮ ಸ್ಪರ್ಧೆಯ ಫಾರಂನಲ್ಲೂ ಇದೇ ಪ್ರಶ್ನೆಗಳು ಬೇರೆ ಮಾತಿನಲ್ಲಿ ಇರುತ್ತವೆ, ನೋಡಿ.

ಕೇಳುಗರು ಅನ್ನುವ ಕಡೆ ಸುಮ್ನೆ ‘ರೈತರು’ ಅಂತ ಬರೆದು ಮುಂದೆ ಹೋಗಬೇಡಿ. ಬೆಂಕಿ ಹಚ್ಚುವ ತೀರ್ಮಾನ ಯಾರದು? ಜಮೀನಿನ ಯಜಮಾನರದಾ, ಗುತ್ತಿಗೆಗೆ ಮಾಡುವವರದಾ? ಯಾಕೆ ಹಚ್ಚುತ್ತಾರೆ? ಆಳು ಸಿಗುವುದಿಲ್ಲ, ಕೂಲಿ ಜಾಸ್ತಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಡುವಷ್ಟರಲ್ಲಿ ಗದ್ದೆ ಖಾಲಿ ಆಗಬೇಕು, ಕೂಳೆಗೆ, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೆ, ನೀರು ಹಾಯಿಸಬೇಕು. ತರಗಿನ ಒಳಗೆ ಹಾವು, ಇಲಿ ಸೇರುವ ಭಯ ಬೇರೆ. ಹಾಗೇ ಬಿಟ್ಟರೆ ನೆಲದಲ್ಲಿ ತೇವ ಉಳಿಯುತ್ತದೆ, ಕಳೆ ಕಡಿಮೆ ಆಗುತ್ತದೆ ಅಂತ ನಾವು ಹೇಳುತ್ತೇವೆ. ಅವರಿಗೆ ಇವತ್ತಿನ ಕೂಲಿ ಲೆಕ್ಕ ಮುಖ್ಯ. ಈ ಎಳೆದಾಟ ನಿಮ್ಮ ಬರಹದಲ್ಲಿ ಕಂಡರೆ, ಚೆನ್ನೈನಲ್ಲಿ ಕೂತು ಓದುವವರಿಗೂ ಇದು ಸುಲಭದ ಕೆಲಸ ಅಲ್ಲ ಅಂತ ಅರ್ಥ ಆಗುತ್ತದೆ.

ಈಗ ಕಷ್ಟದ ಪ್ರಶ್ನೆ. ಎಷ್ಟು ಗದ್ದೆಗಳಲ್ಲಿ ಸುಡುವುದು ನಿಂತಿತು? ಅದರ ಹಿಂದಿನ ವರ್ಷ ಎಷ್ಟು ಸುಟ್ಟಿದ್ದರು?

ನೀವು ಲೆಕ್ಕ ಇಟ್ಟಿರದಿದ್ದರೂ ದಾರಿ ಇದೆ. ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್‌ಗಳನ್ನು ಹಿಡಿಯಿರಿ. ಯಾರ ಗದ್ದೆ ಯಾವಾಗ ಕಟಾವಾಯಿತು ಅಂತ ಅವರ ಹತ್ತಿರ ಬರೆದ ಲೆಕ್ಕ ಇರುತ್ತದೆ. ಎಲ್ಲಿ ಬೆಂಕಿ ಬಿತ್ತು ಅನ್ನುವುದು ನೆನಪಿನಲ್ಲಿ ಇರುತ್ತದೆ. ಇನ್ನೊಂದು, ನಾಸಾದ ಫರ್ಮ್ಸ್ ಅನ್ನುವ ವೆಬ್‌ಸೈಟ್ ನೋಡಿ. ಉಪಗ್ರಹ ಕಂಡ ಬೆಂಕಿಗಳ ದಿನವಾರು ಲೆಕ್ಕ ಅದರಲ್ಲಿ ಉಚಿತವಾಗಿ ಸಿಗುತ್ತದೆ, ಹಿಂದಿನ ವರ್ಷಗಳದ್ದೂ ಇದೆ. ಅದರ ವಿಐಐಆರ್‌ಎಸ್ ಉಪಕರಣ 375 ಮೀಟರ್ ಚೌಕದ ಲೆಕ್ಕದಲ್ಲಿ ನೋಡುತ್ತದೆ. ಹಾಗಾಗಿ ಅರ್ಧ ಎಕರೆಯ ಸಣ್ಣ ಬೆಂಕಿ ಅದಕ್ಕೆ ಕಾಣದೆ ಹೋಗಬಹುದು. ತರಗಿನ ಬೆಂಕಿಯಾ ಬೇರೆ ಬೆಂಕಿಯಾ ಅಂತಲೂ ಅದು ಹೇಳುವುದಿಲ್ಲ. ಅದನ್ನೂ ಎಂಟ್ರಿಯಲ್ಲಿ ಹಾಗೇ ಬರೆಯಿರಿ. ಫೀಲ್ಡ್‌ಮನ್ ಹೇಳಿದ್ದು, ಉಪಗ್ರಹ ಕಂಡಿದ್ದು, ನೀವು ಗದ್ದೆಗೆ ಹೋಗಿ ನೋಡಿದ್ದು, ಮೂರನ್ನೂ ಪಕ್ಕಪಕ್ಕ ಇಡಿ.

ಬಜೆಟ್ ಇದ್ದಷ್ಟೇ ಬರೆಯಿರಿ. ಸಣ್ಣ ಮೊತ್ತ ಅಂತ ಮುಚ್ಚಿಡಬೇಡಿ.

ಮೈಸೂರಿನ ಒಂದು ಆಸ್ಪತ್ರೆಯ ಪ್ರಚಾರ ವಿಭಾಗದಿಂದ

ಮೇಲಿನ ಸರ್ ಎಲ್ಲ ಹೇಳಿದ್ದಾರೆ. ನಾನು ಫೋಟೋ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನಾನು ಒಂದು ಮನೆಯವರಿಗೆ ನೋವು ಕೊಟ್ಟಿದ್ದೇನೆ. ತಾಯಿ ಹಾಲಿನ ಬಗ್ಗೆ ಪೋಸ್ಟರ್ ಮಾಡಿದ್ದೆವು. ಅದರಲ್ಲಿದ್ದ ತಾಯಿ, ಆಸ್ಪತ್ರೆಯ ಗೋಡೆ ಮೇಲೆ ಹಾಕಿಕೊಳ್ಳಿ ಅಂತ ಒಪ್ಪಿದ್ದರು. ನಾನು ಅದನ್ನೇ ಸ್ಪರ್ಧೆಗೆ ಕಳಿಸಿದೆ. ಸಮಾರಂಭದ ದಿನ ದೊಡ್ಡ ಪರದೆ ಮೇಲೆ ಬಂತು, ಸ್ಮರಣ ಸಂಚಿಕೆಯಲ್ಲೂ ಅಚ್ಚಾಯಿತು. ಅವರ ಅತ್ತೆ ಮನೆಯವರಿಗೆ ಯಾರೋ ತೋರಿಸಿದರು. ಆ ತಾಯಿ ನನಗೆ ಫೋನ್ ಮಾಡಿ ‘ಅಕ್ಕ, ನಾನು ಗೋಡೆಗೆ ಅಂತ ತಾನೇ ಹೇಳಿದ್ದು’ ಅಂತ ಅತ್ತರು. ನನಗೆ ಮಾತೇ ಹೊರಡಲಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯೂ ಇದನ್ನೇ ಹೇಳುತ್ತದೆ. ಯಾವ ಕೆಲಸಕ್ಕೆ ಅಂತ ಕೇಳಿ ಒಪ್ಪಿಗೆ ತೆಗೆದುಕೊಂಡಿರೋ ಅದಕ್ಕೆ ಮಾತ್ರ. ನಮ್ಮ ಒಪ್ಪಿಗೆ ಪತ್ರದಲ್ಲಿ ಈಗ ‘ಸ್ಪರ್ಧೆ, ಪ್ರದರ್ಶನ’ ಅಂತ ಬೇರೆ ಸಾಲು ಇದೆ, ಅದರ ಮುಂದೆ ಬೇರೆ ಸಹಿ. ನಿಮ್ಮ ಫೋಟೋಗಳಲ್ಲಿ ಮುಖ ಕಾಣುವ ಪ್ರತಿ ರೈತರನ್ನೂ ಇನ್ನೊಂದು ಸಲ ಕೇಳಿಬಿಡಿ ಮೇಡಂ. ಬೆಂಕಿ ಹಚ್ಚುತ್ತಿರುವವರ ಫೋಟೋ ಇದ್ದರೆ ಹಾಕಲೇಬೇಡಿ. ಅವರ ಮೇಲೆ ದೂರು ಬರಬಹುದು.

ಒಂದು ಸಲ ತೀರ್ಪುಗಾರಳಾಗಿ ಕೂತಿದ್ದೆ. ಮೈಸೂರಿನಿಂದ

ಒಂದು ವಾರದಲ್ಲಿ ಮೂವತ್ತು ಎಂಟ್ರಿ ಓದಬೇಕಿತ್ತು. ಕಾಲೇಜಿನಲ್ಲಿ ಪಾಠ ಮುಗಿಸಿ, ರಾತ್ರಿ ಊಟ ಆದಮೇಲೆ ಓದುತ್ತಿದ್ದೆ. ಓದುವವರೂ ನಿಮ್ಮ ಹಾಗೇ ದಣಿದಿರುತ್ತಾರೆ, ಅದು ಮನಸ್ಸಿನಲ್ಲಿ ಇರಲಿ. ಗುರಿ ಮೊದಲ ಪುಟದಲ್ಲೇ ಸಿಗಬೇಕು. ‘ಜಾಗೃತಿ ಮೂಡಿಸುವುದು’ ಅಂತ ಇದ್ದರೆ ನಾನು ಅಂಕ ಕೊಡುವುದು ಹೇಗೆ? ಯಾರಲ್ಲಿ, ಯಾವಾಗಿನ ಒಳಗೆ, ಎಷ್ಟು ಬದಲಾವಣೆ ಅಂತ ಇರಬೇಕು. ಫಲಿತಾಂಶದ ಕಡೆ ಬಂದಾಗ ಅದೇ ಗುರಿಗೆ ಉತ್ತರ ಇರಬೇಕು. ಗುರಿ ಒಂದು, ಫಲಿತಾಂಶ ಇನ್ನೊಂದು ಇರುವ ಎಂಟ್ರಿಗಳೇ ಜಾಸ್ತಿ ಬಂದಿದ್ದವು. ಗುರಿ ರಕ್ತದಾನಿಗಳನ್ನು ಹೆಚ್ಚಿಸುವುದು, ಫಲಿತಾಂಶ ಫೇಸ್‌ಬುಕ್ ಲೈಕ್.

ಈಗ ಕೂತು ಹೊಸ ಗುರಿ ಹೊಸೆಯಬೇಡಿ. ಅಭಿಯಾನ ಶುರು ಮಾಡುವ ಮೊದಲು ನಡೆದ ಸಭೆಯ ನಡಾವಳಿ ಪುಸ್ತಕ ತೆಗೆದು ನೋಡಿ. ಅಲ್ಲಿ ಏನು ಬರೆದಿದೆಯೋ ಅದೇ ನಿಮ್ಮ ಗುರಿ. ಆ ಪುಟದ ಫೋಟೋವನ್ನು ಪುರಾವೆಗೆ ಸೇರಿಸಿ. ಆಮೇಲೆ ಬರೆದ ಗುರಿ ಓದುವಾಗಲೇ ಗೊತ್ತಾಗಿಬಿಡುತ್ತದೆ. ಎಲ್ಲವೂ ಅಷ್ಟು ಸರಿಯಾಗಿ ಹೊಂದಿಕೊಂಡಿರುತ್ತದೆ.

ವಿಭಾಗವನ್ನೂ ಯೋಚಿಸಿ ಆರಿಸಿ. ಇಡೀ ಅಭಿಯಾನ ಅಂತ ಕಳಿಸಿದರೆ ಯೋಜನೆ, ಫಲಿತಾಂಶ ಎರಡನ್ನೂ ನೋಡುತ್ತಾರೆ. ಬರೀ ಕರಪತ್ರ ಅಥವಾ ಆಡಿಯೋ ಅಂತ ಕಳಿಸಿದರೆ ಆ ಕರಪತ್ರದ ಕಸುಬು ಮುಖ್ಯ.

ಕನ್ನಡದ ಬಗ್ಗೆ ಕೇಳಿದಿರಿ. ಮೈಸೂರಿನ ಒಂದು ತಂಡ ಆಕಾಶವಾಣಿಯಲ್ಲಿ ಮಾಡಿದ ಕಾರ್ಯಕ್ರಮ ಕಳಿಸಿತ್ತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಇಲ್ಲಿ ರೇಡಿಯೋ ಶುರು ಮಾಡಿದ್ದರಿಂದ ಹಿಡಿದು ಅರ್ಧ ಪುಟ ಇತಿಹಾಸ. ಓದಿ ನನಗೆ ಹೆಮ್ಮೆಯಾಯಿತು, ಆದರೆ ಅಂಕ ಕೊಡಲು ಜಾಗ ಇರಲಿಲ್ಲ. ‘ನಮ್ಮ ಕೇಳುಗರು ಸಂಜೆ ಹಾಲು ಕರೆಯುವಾಗ ರೇಡಿಯೋ ಹಾಕಿರುತ್ತಾರೆ, ಕೈ ಬಿಡುವಿರುವುದಿಲ್ಲ, ಕಿವಿ ಬಿಡುವಿರುತ್ತದೆ’ ಅಂತ ಅದೇ ಎಂಟ್ರಿಯ ಮೂರನೇ ಪುಟದಲ್ಲಿ ಒಂದು ಸಾಲಿತ್ತು. ಆ ಸಾಲಿಗೆ ನಾನು ಅಂಕ ಕೊಟ್ಟೆ. ಕನ್ನಡ ಬಾರದವರು ಓದುತ್ತಾರೆ ಅಂತ ಬರೀ ಇಂಗ್ಲಿಷ್ ಮಾಡಿ ಕಳಿಸಬೇಡಿ. ಮೂಲ ಕನ್ನಡ ಇಡಿ, ಕೆಳಗೆ ಅರ್ಥ ಕೊಡಿ. ಆ ಮಾತನ್ನೇ ಯಾಕೆ ಆರಿಸಿದಿರಿ ಅಂತ ಎರಡು ಸಾಲು ಬರೆಯಿರಿ.

ಮದ್ದೂರಿನಿಂದ

ಒಂದು ಎಚ್ಚರಿಕೆ. ಎಂಟ್ರಿ ಹಾಕಿದ ಮೇಲೆ ನಿಮಗೆ ಬೇರೆ ಬೇರೆ ಕಡೆಯಿಂದ ಫೋನ್ ಬರಲು ಶುರುವಾಗಬಹುದು. ‘ನಿಮ್ಮ ಸಂಸ್ಥೆ ಆಯ್ಕೆಯಾಗಿದೆ, ವೇದಿಕೆಗೆ ಬರಲು ಇಷ್ಟು ಕಟ್ಟಿ’ ಅಂತ. ನಾವು ಒಂದು ಸಲ ಹಾಗೆ ಕಟ್ಟಿದೆವು. ಎಂಟ್ರಿಯೇ ಕೇಳಲಿಲ್ಲ, ಯಾವ ಕೆಲಸಕ್ಕೆ ಪ್ರಶಸ್ತಿ ಅಂತಲೂ ಫಲಕದ ಮೇಲೆ ಇರಲಿಲ್ಲ. ಅದು ಈಗಲೂ ಬೀರುವಿನ ಒಳಗಿದೆ, ಹೊರಗಿಡಲು ಮನಸ್ಸಾಗಿಲ್ಲ. ನಿಜವಾದ ಸ್ಪರ್ಧೆಗೂ ಶುಲ್ಕ ಇರುತ್ತದೆ, ಜಿಎಸ್‌ಟಿ ಬೇರೆ ಸೇರುತ್ತದೆ. ಆದರೆ ಅಲ್ಲಿ ಕೆಲಸ ಓದುತ್ತಾರೆ, ಅಂಕ ಕೊಡುತ್ತಾರೆ. ತೀರ್ಪು ಹೇಗೆ ಕೊಡುತ್ತೀರಿ, ಅಂಕ ತಿಳಿಸುತ್ತೀರಾ ಅಂತ ಮೊದಲೇ ಕೇಳಿ. ನಮ್ಮ ದೇಶದ ಪಿಆರ್ ವೃತ್ತಿಯವರ ಸಂಘ ಪಿಆರ್‌ಎಸ್‌ಐಗೆ ಮೈಸೂರಿನಲ್ಲಿ ಘಟಕ ಇದೆ, ಅಲ್ಲಿನ ಹಿರಿಯರನ್ನು ವಿಚಾರಿಸಿದರೂ ಗೊತ್ತಾಗುತ್ತದೆ.

ಇನ್ನು, ಕೊನೆಯ ದಿನ ಸಂಜೆಗೆ ಇಟ್ಟುಕೊಳ್ಳಬೇಡಿ. ನಮ್ಮ ಊರಿನ ಕರೆಂಟು, ನೆಟ್ ಎರಡನ್ನೂ ನೀವು ಬಲ್ಲಿರಿ. ಫೈಲ್ ಗಾತ್ರಕ್ಕೆ ಮಿತಿ ಇರುತ್ತದೆ. ವಿಡಿಯೋ ಲಿಂಕ್ ಕೊಟ್ಟರೆ ಬೇರೆಯವರ ಫೋನ್‌ನಿಂದ ತೆರೆದು ನೋಡಿ.

ಕೇಳಿದವರು, ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಡಾವಳಿ ಪುಸ್ತಕ ತೆಗೆದೆ. ‘ಈ ಕಟಾವಿನಲ್ಲಿ ಎಂಟು ಹಳ್ಳಿಯ ಅರ್ಧದಷ್ಟಾದರೂ ಕೂಳೆ ಗದ್ದೆಗಳಲ್ಲಿ ತರಗು ಸುಡದಂತೆ ನೋಡುವುದು’ ಅಂತ ನಮ್ಮ ಅಧ್ಯಕ್ಷರ ಕೈಬರಹದಲ್ಲಿ ಇದೆ! ನನಗೆ ಮರೆತೇ ಹೋಗಿತ್ತು.

ಕನ್ನಡದ ಮಾತಿನ ಬಗ್ಗೆ ಮೇಡಂ ಹೇಳಿದಾಗ ಒಂದು ನೆನಪಾಯಿತು. ನಮ್ಮ ಮೊದಲ ಕರಪತ್ರದಲ್ಲಿ ‘ಕೃಷಿ ತ್ಯಾಜ್ಯ ದಹನ ನಿಲ್ಲಿಸಿ’ ಅಂತ ಇತ್ತು. ಬೆಳಿಗ್ಗೆ ಹಾಲಿನ ಡೇರಿ ಮುಂದೆ ನಿಂತು ಹಂಚುತ್ತಿದ್ದೆ. ಕ್ಯಾನ್ ಹಿಡಿದುಕೊಂಡಿದ್ದ ಒಬ್ಬ ಅಜ್ಜ ಓದಿ, ‘ಏನವ್ವಾ, ನಮ್ ತರಗ್ನ ತ್ಯಾಜ್ಯ ಅಂತೀಯಾ? ಬಿಸಾಕೋದು ಅಂತ ನೀನೇ ಹೇಳಿದ್ಮೇಲೆ ಸುಟ್ರೆ ಏನ್ ತಪ್ಪು?’ ಅಂದರು. ನಾನು ಉತ್ತರ ಕೊಡಲಿಲ್ಲ. ಉಳಿದ ಕಟ್ಟನ್ನು ವಾಪಸ್ ತಂದೆ. ಎರಡನೇ ಕರಪತ್ರದಲ್ಲಿ ‘ತರಗು ಭೂಮಿಗೆ ಹೊದಿಕೆ, ಸುಡಬೇಡಿ’ ಅಂತ ಮಾಡಿಸಿದೆವು. ಆಡಿಯೋದಲ್ಲೂ ಅದೇ. ಇದನ್ನು ಬರೆಯಬಹುದಾ?

ಇನ್ನೊಂದು ಕೇಳಬೇಕು. ಎರಡು ಹಳ್ಳಿಗಳಲ್ಲಿ ಏನೂ ಬದಲಾಗಲಿಲ್ಲ. ಅವನ್ನು ಬಿಟ್ಟು ಆರು ಹಳ್ಳಿ ಅಂತ ಬರೆಯಲಾ?

ಸರಸ್ವತಿಪುರಂನಿಂದ, ಮತ್ತೆ

ಅಜ್ಜನ ಮಾತೇ ನಿಮ್ಮ ಎಂಟ್ರಿ ತಂಗಿ. ಕೇಳುಗರ ಅಧ್ಯಯನ ಅಂದರೆ ಅದೇ ಅಲ್ವಾ? ಎರಡೂ ಕರಪತ್ರಗಳನ್ನು ಒಂದೇ ಪುಟದಲ್ಲಿ ಪಕ್ಕಪಕ್ಕ ಹಾಕಿ, ಮಧ್ಯೆ ಅಜ್ಜನ ಮಾತು ಹಾಕಿ. ಹೆಸರು ಬೇಡ.

ಎಂಟು ಹಳ್ಳಿ ಅಂತಲೇ ಬರೆಯಿರಿ. ಗುರಿಯಲ್ಲಿ ಎಂಟು ಇದ್ದು ಫಲಿತಾಂಶದಲ್ಲಿ ಆರು ಇದ್ದರೆ, ಓದುವವರು ಮೊದಲು ಹುಡುಕುವುದೇ ಆ ಎರಡನ್ನು. ಅಲ್ಲಿ ಯಾಕೆ ಆಗಲಿಲ್ಲ ಅಂತ ಹೋಗಿ ಕೇಳಿ ಬನ್ನಿ. ಇನ್ನೂ ಮೂರು ವಾರ ಇದೆ.

ಕೇಳಿದವರು

ಒಂದು ಹಳ್ಳಿಗೆ ಇವತ್ತು ಹೋಗಿ ಬಂದೆ. ತರಗು ಪುಡಿ ಮಾಡುವ ಯಂತ್ರ ಬಾಡಿಗೆಗೆ ಕೊಡಿಸುತ್ತೇವೆ ಅಂತ ನಮ್ಮ ಆಡಿಯೋದಲ್ಲಿ ಹೇಳಿದ್ದೆವು. ಅವರ ಸರದಿ ಬರುವಷ್ಟರಲ್ಲಿ ಯಂತ್ರ ಕೆಟ್ಟು ನಿಂತಿತ್ತಂತೆ, ನಾಲೆಗೆ ನೀರು ಬಂದಿತ್ತಂತೆ. ‘ನಿಮ್ ಮಾತ್ ಕೇಳಿ ಹತ್ತು ದಿನ ಕಾಯ್ದ್ವಿ’ ಅಂದರು. ತೊಡಕು ಅನ್ನುವ ಜಾಗದಲ್ಲಿ ಇದನ್ನೇ ಬರೆಯುತ್ತಿದ್ದೇನೆ. ನಾಳೆ ಇನ್ನೊಂದು ಹಳ್ಳಿಗೆ, ಸಂಜೆ ಹಾಲು ಹಾಕುವ ಹೊತ್ತಿಗೆ ಹೋಗುತ್ತೇನೆ.