ಮೇಲ್ಮಹಡಿಯ ಮನೆ ರಾತ್ರಿಯಾದರೂ ತಣಿಯುತ್ತಿಲ್ಲ: ಪರಿಹಾರವೇನು?

ಪ್ರಶ್ನೆ: ಬನಶಂಕರಿಯ ಕಟ್ಟಡವೊಂದರ ಕೊನೆಯ ಮಹಡಿಯಲ್ಲಿ ನಮ್ಮ ಮನೆಯಿದೆ. ಮೇಲೆ ಬರಿಯ ಆರ್‌ಸಿಸಿ ತಾರಸಿ. ಮಲಗುವ ಕೋಣೆಯ ಕಿಟಕಿ ಪಶ್ಚಿಮಕ್ಕಿದೆ. ಬೇಸಿಗೆಯಲ್ಲಿ ಹಗಲಿಡೀ ಕಿಟಕಿಗಳನ್ನು ತೆರೆದು, ಒಳಗೆ ದಪ್ಪ ಪರದೆ ಇಳಿಬಿಟ್ಟರೂ, ಹೊರಗೆ ತಂಗಾಳಿ ಬೀಸುವ ರಾತ್ರಿ ಹತ್ತರ ಹೊತ್ತಿಗೂ ಒಳಗಿನ ಸೆಕೆ ಇಳಿಯುವುದಿಲ್ಲ. ಎ.ಸಿ. ಇಲ್ಲದೆ, ನಡುವೆ ತೆರೆದ ಅಂಗಳವಿರುವ ಹಳೆಯ ತೊಟ್ಟಿಮನೆಗಳ ಕ್ರಮದಲ್ಲಿ ಏನಾದರೂ ಮಾಡಬಹುದೇ?

ಉತ್ತರ: ಮಧ್ಯಾಹ್ನ ಹನ್ನೆರಡಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ ಸೂರಿನ ಒಳಮೈಯನ್ನು ಮುಟ್ಟಿ ನೋಡಿ. ಸಂಜೆಯೇ ಹೆಚ್ಚು ಬಿಸಿಯಿದ್ದರೆ ನಿಮ್ಮ ತೊಂದರೆಯ ಮೂಲ ಗಾಳಿಯಲ್ಲ, ತಾರಸಿ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆಯೇ ಹಾಯುತ್ತಾನೆ. ಆಗ ಗೋಡೆಗಳಿಗಿಂತ ತಾರಸಿಯ ಮೇಲೆಯೇ ಹೆಚ್ಚು ಬಿಸಿಲು ಬೀಳುತ್ತದೆ, ಕಾಂಕ್ರೀಟು ಹೀರಿಕೊಂಡ ಆ ಶಾಖ ಕೆಲವು ಗಂಟೆಗಳ ನಂತರ ಕೆಳಗಿಳಿಯುತ್ತದೆ. ತೊಟ್ಟಿ ತೆರೆಯುವ ಯೋಚನೆಯನ್ನು ಬಿಡಿ. ಆ ಮನೆಗಳು ತಂಪಾಗಿದ್ದುದಕ್ಕೆ ದಪ್ಪ ಗೋಡೆ, ಹೆಂಚಿನ ಸೂರು, ಸುತ್ತಲ ಜಗುಲಿಯ ನೆರಳು ಎಲ್ಲವೂ ಕಾರಣ. ತೊಟ್ಟಿಯೊಂದನ್ನೇ ತಂದರೆ ಫಲವಿಲ್ಲ.

ಮೊದಲು ತಾರಸಿಗೆ ಅರಳಿಸಿದ ಸುಣ್ಣವನ್ನು ಎರಡು ಮೂರು ಕೋಟು ಬಳಿಸಿ. ಬಿಳಿಯ ಮೈ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ, ಖರ್ಚೂ ಅಲ್ಪ. ಮಳೆಗೆ ತೊಳೆದು, ಧೂಳಿಗೆ ಮಾಸುವ ಕಾರಣ ಪ್ರತಿ ಫೆಬ್ರವರಿಯಲ್ಲಿ ಮತ್ತೆ ಬಳಿಯಬೇಕಾಗುತ್ತದೆ. ಪಶ್ಚಿಮದ ಕಿಟಕಿಗೆ ಬಿದಿರಿನ ಚಿಕ್ಕನ್ನು (ಸೀಳುಗಳ ಪರದೆಯನ್ನು) ಹೊರಗಡೆ ಕಟ್ಟಿ, ಏಕೆಂದರೆ ಒಳಪರದೆಗೆ ಬಿಸಿಲು ತಾಗುವ ಹೊತ್ತಿಗೆ ಶಾಖ ಗಾಜನ್ನು ದಾಟಿ ಬಂದಿರುತ್ತದೆ. ಇಳಿಬಿಸಿಲು ಓರೆಯಾಗಿ ಬರುವುದರಿಂದ ಕಿಟಕಿಯ ಮೇಲೆ ಚಾಚಿದ ಸಜ್ಜೆಯೂ ಅದನ್ನು ತಡೆಯಲಾರದು. ಇನ್ನು ಕಿಟಕಿಗಳನ್ನು ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮುಚ್ಚಿ, ಹೊರಗಾಳಿ ತಣಿದ ಮೇಲೆ ಎದುರುಬದುರಾಗಿ ತೆರೆಯಿರಿ. ನಮ್ಮ ಊರಿಗೆ ಇಂದಿಗೂ ಇರುವ ದೊಡ್ಡ ಅನುಕೂಲವೆಂದರೆ ಬೇಸಿಗೆಯ ರಾತ್ರಿಯ ತಂಪು. ಅದನ್ನು ಒಳಗೆ ಬಿಟ್ಟುಕೊಳ್ಳದೆ ಹಗಲಿನ ಬಿಸಿಗಾಳಿಗೆ ಬಾಗಿಲು ತೆರೆಯುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಸೂರಿನಡಿಯ ಗವಾಕ್ಷಿಗಳಿಗೆ ಗಾಜು ಕೂರಿಸಿದ್ದರೆ ತೆಗೆಸಿ ಜಾಲರಿ ಹಾಕಿಸಿ, ಮೇಲೇರಿದ ಬಿಸಿಗಾಳಿ ಅಲ್ಲಿಂದಲೇ ಹೊರಹೋಗಬೇಕು.

ಮರುಪ್ರಶ್ನೆ: ಸಂಜೆ ತಾರಸಿಗೆ ನೀರು ಹಾಕುವುದು ಸರಿಯೇ? ಮಡಕೆಗಳನ್ನು ಬೋರಲು ಜೋಡಿಸಿ ಗಾರೆ ಹಾಕುತ್ತಾರೆಂದೂ ಕೇಳಿದ್ದೇನೆ.

ಉತ್ತರ: ಏಪ್ರಿಲ್‌ನ ಒಣಹವೆಯಲ್ಲಿ ನೀರು ಆವಿಯಾಗಿ ತಾರಸಿ ತಣಿಯುವುದೇನೋ ನಿಜ, ಆದರೆ ಟ್ಯಾಂಕರಿಗೆ ಕಾಯುವ ತಿಂಗಳುಗಳಲ್ಲಿ ಕುಡಿಯುವ ನೀರನ್ನು ಹಾಗೆ ಸುರಿಯಬಾರದು, ಬಿರುಕಿದ್ದರೆ ಸೋರಿಕೆಯೂ ಶುರುವಾಗುತ್ತದೆ. ಮಡಕೆಯೊಳಗೆ ನಿಂತ ಗಾಳಿ ಶಾಖವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಗಾರೆಯ ಭಾರ ಹೆಚ್ಚಾದುದರಿಂದ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸದೆ ಕೈಹಾಕಬೇಡಿ, ಮಳೆನೀರು ಹರಿಯುವ ಇಳಿಜಾರನ್ನೂ ಕೆಡಿಸಬೇಡಿ.