ನೀಲಿ ಬಾಟಲಿಯ ಜಿನ್: ಹತ್ತು ಮಸಾಲೆ ಅಂತೆ, ನನ್ನ ಮೂಗಿಗೆ ಸಿಕ್ಕಿದ್ದು ಒಂದೇ

ಚಿಕ್ಕಪೇಟೆ ಚಕ್ಕೆ:

ಭಾವ ಲಂಡನ್‌ನಿಂದ ಬರುವಾಗ ಏರ್‌ಪೋರ್ಟ್‌ನಲ್ಲಿ ಬಾಂಬೆ ಸಫೈರ್ ಒಂದು ಲೀಟರ್ ಬಾಟಲಿ ತಂದುಕೊಟ್ಟರು. ನಾನು ಇಷ್ಟು ವರ್ಷ ರಮ್ ಬಿಟ್ಟು ಬೇರೆ ಕಡೆ ತಿರುಗಿ ನೋಡಿದವನಲ್ಲ. ಬಾಟಲಿಯ ಪಕ್ಕದಲ್ಲಿ ಹತ್ತು ಮೂಲಿಕೆಗಳ ಚಿತ್ರ ಇದೆ. ಹೆಸರು ಓದುತ್ತಾ ಹೋದರೆ ನಗು ಬಂತು. ಕೊತ್ತಂಬರಿ ಬೀಜ, ಚಕ್ಕೆ, ಬಾದಾಮಿ, ನಿಂಬೆ ಸಿಪ್ಪೆ, ಜೇಷ್ಠಮಧು, ಬಾಲಮೆಣಸು! ಅರ್ಧ ನಮ್ಮ ಅಡುಗೆಮನೆಯಲ್ಲೇ ಇದೆ, ಇನ್ನೊಂದೆರಡು ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಉಳಿದ ನಾಲ್ಕು ನನಗೆ ಗೊತ್ತಿಲ್ಲದವು: ಜುನಿಪರ್, ಏಂಜೆಲಿಕಾ ಬೇರು, ಓರಿಸ್ ಬೇರು, ಗ್ರೇನ್ಸ್ ಆಫ್ ಪ್ಯಾರಡೈಸ್.

ಆದರೆ ಗ್ಲಾಸಿಗೆ ಹಾಕಿ ಮೂಸಿದರೆ ಬರುವುದು ಒಂದೇ ವಾಸನೆ, ಊಟಿಯ ಪೈನ್ ಕಾಡಿನದ್ದು. ಬಣ್ಣವೂ ಇಲ್ಲ, ನೀಲಿ ಇರುವುದು ಬಾಟಲಿಗೆ ಮಾತ್ರ. ಒಂದು ತುಂಡು ಚಕ್ಕೆ ನೀರಿಗೆ ಹಾಕಿದರೂ ಬಣ್ಣ ಬಿಡುತ್ತದೆ ಅಲ್ವಾ? ಹತ್ತೂ ನಿಜವಾಗಿ ಒಳಗಿವೆಯಾ, ಇಲ್ಲ ಚಿತ್ರಕ್ಕೆ ದುಡ್ಡು ಕೊಡುತ್ತಿದ್ದೇವಾ? ಮತ್ತೆ ಈ ಬಾಂಬೆ ಯಾಕೆ?

ಬೇಸಿಂಗ್‌ಸ್ಟೋಕ್ ಬಸಣ್ಣ:

ನನ್ನ ಮನೆಯಿಂದ ಸ್ವಲ್ಪವೇ ದೂರದಲ್ಲಿದೆ ಇದನ್ನು ಮಾಡುವ ಜಾಗ, ಹ್ಯಾಂಪ್‌ಶೈರ್‌ನ ಲೇವರ್‌ಸ್ಟೋಕ್ ಮಿಲ್. ಎರಡು ಸಲ ಹೋಗಿದ್ದೇನೆ, ಒಂದು ಸಲ ನೆಂಟರಿಗಾಗಿ, ಇನ್ನೊಂದು ಸಲ ನನಗಾಗಿ.

ಹತ್ತೂ ಇವೆ. ವಿಷಯ ಇರುವುದು ಹಾಕುವ ರೀತಿಯಲ್ಲಿ. ಹೆಚ್ಚಿನ ಜಿನ್‌ಗಳಲ್ಲಿ ಮಸಾಲೆಯನ್ನು ಮದ್ಯದೊಳಗೇ ಹಾಕಿ ಕುದಿಸುತ್ತಾರೆ, ನಾವು ಕಷಾಯ ಮಾಡುವ ಹಾಗೆ. ಇಲ್ಲಿ ಇಡ್ಲಿ ಪಾತ್ರೆಯ ಲೆಕ್ಕ. ಗೋಧಿಯಿಂದ ಮಾಡಿದ ಮದ್ಯ ಕೆಳಗೆ ಕುದಿಯುತ್ತದೆ, ಮೇಲೆ ತೂತು ತೂತಿನ ತಾಮ್ರದ ಬುಟ್ಟಿಗಳಲ್ಲಿ ಮಸಾಲೆ ಇರುತ್ತದೆ, ಆವಿ ಅದರ ನಡುವೆ ನುಸುಳಿ ಹೋಗುವಾಗ ಪರಿಮಳದ ಎಣ್ಣೆಯನ್ನಷ್ಟೇ ಎತ್ತಿಕೊಂಡು ಹೋಗಿ ಆಚೆ ತಣ್ಣಗಾಗಿ ಇಳಿಯುತ್ತದೆ. ಮಸಾಲೆ ದ್ರವಕ್ಕೆ ಮುಟ್ಟುವುದೇ ಇಲ್ಲ. ಅದಕ್ಕೇ ಪರಿಮಳ ಹಗುರ. ಬಣ್ಣ ಆವಿಯಲ್ಲಿ ಏರುವುದಿಲ್ಲ, ಹಾಗೆ ನೋಡಿದರೆ ಕುದಿಸಿ ಭಟ್ಟಿ ಇಳಿಸಿದ ಜಿನ್ ಕೂಡ ನೀರಿನ ಹಾಗೇ ಇರುತ್ತದೆ.

ನಿಮಗೆ ಬಂದ ಪೈನ್ ವಾಸನೆ ಜುನಿಪರ್‌ನದ್ದು. ಅದೇ ಮುಂದೆ ನಿಲ್ಲಬೇಕು ಅಂತ ಯುರೋಪಿನಲ್ಲಿ ಕಾನೂನೇ ಇದೆ. ಅದಿಲ್ಲದಿದ್ದರೆ ಮಸಾಲೆ ವೋಡ್ಕಾ ಅಷ್ಟೆ. ಇವರು ಇಟಲಿಯ ಟಸ್ಕನಿಯಿಂದ ತರಿಸುತ್ತಾರೆ. ನೋಡಲು ನೇರಳೆ ಕಾಯಿಯ ಹಾಗಿದ್ದರೂ ಅದು ಹಣ್ಣಲ್ಲ, ಪೈನ್ ಮರದ ಕಾಯಿಯದೇ ಜಾತಿ.

ಹೆಸರಿನ ಕಥೆ ಕೇಳಿ ಬೇಜಾರಾಗಬೇಡಿ. ಮೂಲ ಪಾಕ ಇಂಗ್ಲೆಂಡಿನ ವಾರಿಂಗ್ಟನ್ ಊರಿನದ್ದು, 1761ರದ್ದು ಅಂತ ಕಂಪನಿ ಹೇಳುತ್ತದೆ. ಅದರಲ್ಲಿ ಎಂಟು ಮಸಾಲೆ. 1980ರ ದಶಕದ ಕೊನೆಯಲ್ಲಿ ಬಾಲಮೆಣಸು, ಗ್ರೇನ್ಸ್ ಆಫ್ ಪ್ಯಾರಡೈಸ್ ಸೇರಿಸಿ ಹತ್ತು ಮಾಡಿದರು, ನೀಲಿ ಬಾಟಲಿಗೆ ಹಾಕಿದರು. ಬಾಂಬೆ ಅಂದರೆ ಬ್ರಿಟಿಷ್ ರಾಜ್ ಕಾಲದ ನೆನಪು ಮಾರುವುದು, ಬೇರೆ ಏನಿಲ್ಲ. ಸಫೈರ್ ಅಂದರೆ ‘ಸ್ಟಾರ್ ಆಫ್ ಬಾಂಬೆ’ ಅನ್ನುವ 182 ಕ್ಯಾರೆಟ್ ನೀಲ. ಆ ಕಲ್ಲು ಸಿಕ್ಕಿದ್ದು ಶ್ರೀಲಂಕಾದಲ್ಲಿ, ಈಗ ಇರುವುದು ವಾಷಿಂಗ್ಟನ್‌ನ ಮ್ಯೂಸಿಯಂನಲ್ಲಿ!

ನಿಜವಾದ ಇಂಡಿಯಾ ನಂಟು ಬೇರೆ ಕಡೆ ಇದೆ. ಈ ಮಿಲ್ ಮೊದಲು ಕಾಗದದ ಕಾರ್ಖಾನೆ. ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿನ ಕಾಗದ ಇಲ್ಲೇ ಆಗುತ್ತಿತ್ತು. 1861ರ ಕಾಯ್ದೆ ಬಂದ ಮೇಲೆ ಬ್ರಿಟಿಷ್ ಇಂಡಿಯಾ ಸರ್ಕಾರ ಹೊರಡಿಸಿದ ಮೊದಲ ನೋಟುಗಳು ಇವೆಯಲ್ಲ, ವಿಕ್ಟೋರಿಯಾ ರಾಣಿಯ ಚಿತ್ರದವು, ಅವುಗಳ ಕಾಗದವೂ ಇಲ್ಲಿಯದೇ. ಜಿನ್ ಭಟ್ಟಿ ಇಲ್ಲಿ ಬಾಗಿಲು ತೆರೆದದ್ದು 2014ರಲ್ಲಿ. ಟೆಸ್ಟ್ ನದಿ ಪಕ್ಕದಲ್ಲಿ ಎರಡು ಗಾಜಿನ ಮನೆ ಕಟ್ಟಿ ಈ ಗಿಡಗಳನ್ನು ಬೆಳೆಸಿದ್ದಾರೆ, ಭಟ್ಟಿಯ ಬಿಸಿಯೇ ಅವುಗಳಿಗೂ ಹೋಗುತ್ತದೆ.

ಊದುಬತ್ತಿ ಮೈಸೂರು:

ಕುಡಿಯುವುದು ಅಪರೂಪ, ಆದರೆ ಸುಗಂಧದ ಕೆಲಸ ಮಾಡಿದವನು. ಹತ್ತು ಮಸಾಲೆ ಅಂದರೆ ಹತ್ತು ವಾಸನೆ ಬೇರೆ ಬೇರೆಯಾಗಿ ಬರಬೇಕು ಅಂತ ಅಲ್ಲ. ಕೆಲವು ಕಾಣಿಸಿಕೊಳ್ಳಲು, ಕೆಲವು ಹಿಡಿದಿಡಲು.

ಓರಿಸ್ ಅಂದರೆ ಐರಿಸ್ ಹೂವಿನ ಗಿಡದ ಗಡ್ಡೆ. ಹಸಿಯಾಗಿದ್ದಾಗ ಹೇಳಿಕೊಳ್ಳುವಂಥ ವಾಸನೆ ಇಲ್ಲ. ಸಿಪ್ಪೆ ತೆಗೆದು ಒಣಗಿಸಿ ಎರಡು ಮೂರು ವರ್ಷ ಸುಮ್ನೆ ಇಡಬೇಕು, ಆಮೇಲೆ ವಯಲೆಟ್ ಹೂವಿನ ಪರಿಮಳ ಹುಟ್ಟುತ್ತದೆ. ಬೇರೆ ಪರಿಮಳ ಬೇಗ ಹಾರಿಹೋಗದ ಹಾಗೆ ತಡೆಯಲು ನಮ್ಮವರು ಬಳಸುತ್ತಾರೆ. ಏಂಜೆಲಿಕಾ ಬೇರು ಒಣ ಮಣ್ಣು, ಸ್ವಲ್ಪ ಕಸ್ತೂರಿ ಥರ. ಕೊತ್ತಂಬರಿ ಬೀಜದಲ್ಲಿ ಲಿನಲೂಲ್ ಅನ್ನುವ ಪರಿಮಳದ ಅಂಶ ಜಾಸ್ತಿ, ಹಾಗಾಗಿ ಭಟ್ಟಿಯಲ್ಲಿ ಅದು ಸಾರಿನಪುಡಿಯ ಹಾಗಲ್ಲ, ನಿಂಬೆ ಕಡೆ ವಾಲುತ್ತದೆ. ನೀವು ಸಾರಿನ ವಾಸನೆ ಹುಡುಕುತ್ತಿದ್ದರೆ ಸಿಗುವುದಿಲ್ಲ.

ಬಸಣ್ಣನವರ ಮಾತಿಗೆ ಒಂದು ಸೇರಿಸುತ್ತೇನೆ. ಜೇಷ್ಠಮಧುವಿನ ಸಿಹಿ ಆವಿಯಲ್ಲಿ ಏರುವ ವಸ್ತುವಲ್ಲ. ಬಾದಾಮಿಯ ಜಿಡ್ಡೂ ಹಾಗೇ. ಬರುವುದು ಅವುಗಳ ವಾಸನೆ ಎಷ್ಟಿದೆಯೋ ಅಷ್ಟೇ. ಜಾಹೀರಾತಿನಲ್ಲಿ ಹತ್ತಕ್ಕೂ ಒಂದೇ ಅಳತೆಯ ಚಿತ್ರ ಬರೆಯುತ್ತಾರೆ, ಬುಟ್ಟಿಯಲ್ಲಿ ಹಾಗಿರುವುದಿಲ್ಲ.

ರಮ್ ರಾಮಣ್ಣ:

ಇಷ್ಟೆಲ್ಲ ಯಾಕೆ, ವೋಡ್ಕಾಗೆ ಮಸಾಲೆ ಹಾಕಿಟ್ಟರೆ ಆಯ್ತಲ್ಲ ಅಂತ ನಾನು ಮಾಡಿದ್ದೆ. ಚಕ್ಕೆ, ಏಲಕ್ಕಿ, ನಾಲ್ಕು ಲವಂಗ, ಕೊತ್ತಂಬರಿ ಬೀಜ ಎಲ್ಲ ಹಾಕಿ ನಾಲ್ಕು ದಿನ ಮರೆತುಬಿಟ್ಟೆ. ಬಣ್ಣ ಚಹಾದ್ದು, ರುಚಿ ಕೆಮ್ಮಿನ ಔಷಧಿಯದ್ದು. ಸಿಂಕಿಗೆ ಸುರಿದೆ. ಸಿಂಕ್ ಮಾತ್ರ ಎರಡು ದಿನ ಘಮಘಮ.

ಬೇಸಿಂಗ್‌ಸ್ಟೋಕ್ ಬಸಣ್ಣ:

ಜುನಿಪರ್ ಎಲ್ಲಿ ಹಾಕಿದಿರಿ ರಾಮಣ್ಣ? 🙂 ನೆನೆಸಿ ಮಾಡುವ ಜಿನ್ ಇದೆ, ಆದರೆ ಲವಂಗ, ಚಕ್ಕೆ ಕೆಲವೇ ಗಂಟೆಯಲ್ಲಿ ತೆಗೆದುಬಿಡಬೇಕು, ಇಲ್ಲದಿದ್ದರೆ ಎಲ್ಲವನ್ನೂ ನುಂಗುತ್ತವೆ. ಮತ್ತೆ ಯಾರೂ ಕುಕ್ಕರ್‌ಗೆ ಪೈಪ್ ಹಾಕಿ ಭಟ್ಟಿ ಇಳಿಸಲು ಹೋಗಬೇಡಿ. ಲೈಸೆನ್ಸ್ ಇಲ್ಲದೆ ಅಪರಾಧ, ಮದ್ಯದ ಆವಿಗೆ ಒಂದು ಕಿಡಿ ಸಾಕು.

ಸೋಡಾ ಬೇಡ:

ಚಕ್ಕೆಯವರೇ, ಬಾಟಲಿ ಮೇಲೆ ಆಲ್ಕೋಹಾಲ್ ಶೇ. 47 ಅಂತ ಇದೆಯಾ ನೋಡಿ. ಇಂಗ್ಲೆಂಡಿನ ಅಂಗಡಿಯಲ್ಲಿ ಸಿಗುವುದು 40, ಡ್ಯೂಟಿ ಫ್ರೀಯದ್ದು ಸಾಮಾನ್ಯವಾಗಿ 47. ಅಷ್ಟು ಖಡಕ್ ಇದ್ದರೆ ಮೂಗು ಮರಗಟ್ಟುತ್ತದೆ, ಹತ್ತರಲ್ಲಿ ಒಂದು ಸಿಕ್ಕಿದ್ದೇ ದೊಡ್ಡದು. 30 ಎಂಎಲ್ ಜಿನ್‌ಗೆ ಅಷ್ಟೇ ನೀರು ಹಾಕಿ. ಐಸ್ ಬೇಡ, ತಣ್ಣಗಾದರೆ ವಾಸನೆ ಅಡಗುತ್ತದೆ. ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ಕೊತ್ತಂಬರಿ ಬೀಜ, ನಿಂಬೆ ಸಿಪ್ಪೆ, ಬಾಲಮೆಣಸು ಜಜ್ಜಿ ಇಟ್ಟುಕೊಂಡು ಅದನ್ನೊಮ್ಮೆ ಇದನ್ನೊಮ್ಮೆ ಮೂಸಿ. ಗ್ರೇನ್ಸ್ ಆಫ್ ಪ್ಯಾರಡೈಸ್ ಇಲ್ಲಿ ಹುಡುಕಬೇಡಿ. ಅದು ಪಶ್ಚಿಮ ಆಫ್ರಿಕಾದ್ದು, ನಮ್ಮ ಶುಂಠಿ ಏಲಕ್ಕಿಯ ಕುಟುಂಬ, ಆದರೆ ಮೆಣಸಿನ ಖಾರ. ಪರೀಕ್ಷೆ ಮುಗಿದ ಮೇಲೆ ಐಸ್ ತುಂಬಿ ಒಂದಕ್ಕೆ ಎರಡೂವರೆ ಪಾಲು ಟಾನಿಕ್ ವಾಟರ್.

ಇದು ಇಷ್ಟವಾದರೆ ಮುಂದಿನ ಸಲ ಹಪುಸಾ ಅನ್ನುವ ಜಿನ್ ನೋಡಿ. ಗೋವಾದಲ್ಲಿ ಮಾಡುವುದು, ಹಿಮಾಲಯದ ಜುನಿಪರ್ ಹಾಕಿ. ಆಯುರ್ವೇದದಲ್ಲಿ ಜುನಿಪರ್‌ಗೆ ಹಪುಷಾ ಅಂತಾರೆ, ಹೆಸರು ಅಲ್ಲಿಂದ ಬಂದದ್ದು. ಇದರಷ್ಟು ಹಗುರವಲ್ಲ, ಮಣ್ಣಿನ ವಾಸನೆ ಜಾಸ್ತಿ. ನನಗೆ ಅದೇ ಇಷ್ಟ.

ಚಿಕ್ಕಪೇಟೆ ಚಕ್ಕೆ:

ಎಲ್ಲರಿಗೂ ಥ್ಯಾಂಕ್ಸ್. ಹೌದು, 47 ಅಂತಲೇ ಇದೆ. ನಿನ್ನೆ ಗ್ರಂಧಿಗೆ ಅಂಗಡಿಗೆ ಹೋಗಿ ಬಾಲಮೆಣಸು ಕೇಳಿದೆ. ಅಂಗಡಿಯವರು “ಎಷ್ಟು ದಿನದಿಂದ ಕೆಮ್ಮು?” ಅಂದರು. ಜಿನ್‌ಗೆ ಅಂತ ಹೇಳುವ ಧೈರ್ಯ ಬರಲಿಲ್ಲ, ಒಂದು ವಾರದಿಂದ ಅಂದೆ.

ನೀರು ಹಾಕಿದ ಮೇಲೆ ನಿಜವಾಗಿಯೂ ಬೇರೆಯಾಯಿತು. ನಿಂಬೆ ಮೊದಲು ಬಂತು. ಕೊತ್ತಂಬರಿ ಬೀಜ ಜಜ್ಜಿ ಮೂಸಿ ತಕ್ಷಣ ಗ್ಲಾಸ್ ಮೂಸಿದರೆ, ಅರೆ, ಇಲ್ಲೇ ಇದೆಯಲ್ಲ ಅನ್ನಿಸಿತು. ಬಾಲಮೆಣಸು ಮೂಗಿಗೆ ಸಿಗಲಿಲ್ಲ. ಒಂದು ಕಾಳು ಜಗಿದು ನೋಡಿದೆ, ಮೊದಲು ಖಾರ, ಹಿಂದೆಯೇ ಕರ್ಪೂರದ ಥರ ತಂಪು. ಆಮೇಲೆ ಒಂದು ಗುಟುಕು ಕುಡಿದಾಗ ಗಂಟಲಲ್ಲಿ ಕೊನೆಗೆ ಅದೇ ತಂಪು ಚೂರು ಉಳಿಯಿತು. ಬಾದಾಮಿ, ಜೇಷ್ಠಮಧು ಲೆಕ್ಕಕ್ಕೆ ಸಿಗಲಿಲ್ಲ. ಅಂದರೆ ಹತ್ತರಲ್ಲಿ ನಾಲ್ಕು. ಇಷ್ಟರಲ್ಲಿ ಮನೆಯವಳು ಬಂದು ಮೇಜಿನ ಮೇಲೆ ಜಜ್ಜಿಟ್ಟದ್ದನ್ನೆಲ್ಲ ನೋಡಿ, ಸಾರು ಮಾಡುತ್ತಿದ್ದೀರಾ ಅಂತ ಕೇಳಿದಳು.