ಡಿಪ್ಲೊಮಸಿ ಬೋರ್ಡ್ ಗೇಮ್: ಆಸ್ಟ್ರಿಯಾ ಆಡುವಾಗ ನ್ಯಾಪ್ (ಪರಸ್ಪರ ದಾಳಿ ಮಾಡದ ಒಪ್ಪಂದ) ಹೇಗೆ ಮಾಡಿಕೊಳ್ಳಬೇಕು?

ಮಂಡಕ್ಕಿ_ಮಂತ್ರಿ:
ಆನ್‌ಲೈನ್ ಆಟ, ಏಳೂ ಜನ ಇದ್ದೇವೆ, 1901ರ ಸ್ಪ್ರಿಂಗ್ (ಮೊದಲ ಸುತ್ತು) ಇನ್ನೂ ಶುರುವಾಗಿಲ್ಲ. ರಷ್ಯಾ "ಗಲೀಷಿಯಾದಲ್ಲಿ ಬೌನ್ಸ್ ಮಾಡ್ಕೊಳ್ಳೋಣ" ಅಂತಾನೆ (ಇಬ್ಬರೂ ಒಟ್ಟಿಗೆ ನುಗ್ಗಿ, ಯಾರೂ ಒಳಗೆ ಹೋಗದೆ ಇದ್ದಲ್ಲೇ ಉಳಿಯೋದು). ಇಟಲಿ "ಒಂದು ವರ್ಷ ನಿನ್ನನ್ನ ಮುಟ್ಟಲ್ಲ" ಅಂತಾನೆ. ಎರಡಕ್ಕೂ ಹೂಂ ಅನ್ನಬಹುದಾ?

ಕಾಲಾಳು:
ರಷ್ಯಾಗೆ ಧೈರ್ಯವಾಗಿ ಹೂಂ ಅನ್ನಿ. ಈ ಸ್ಪ್ರಿಂಗ್‌ನಲ್ಲಿ ಗಲೀಷಿಯಾಕ್ಕೆ ತಾಗುವ ಅವನ ಆರ್ಮಿ ವಾರ್ಸಾದ್ದು ಒಂದೇ. ಮಾಸ್ಕೋಗೆ ಅಲ್ಲಿ ಗಡಿಯೇ ಇಲ್ಲ, ಸಪೋರ್ಟ್ (ಇನ್ನೊಂದು ಸೈನ್ಯದ ನಡೆಗೆ ಬಲ ಸೇರಿಸೋದು) ಕೊಡೋಕಾಗಲ್ಲ. ನಿಮ್ಮ ವಿಯೆನ್ನಾ, ಬುಡಾಪೆಸ್ಟ್ ಎರಡೂ ತಾಗುತ್ತವೆ. ಅಂದರೆ ಮೊದಲ ಸುತ್ತಲ್ಲಿ ಮೋಸ ಮಾಡುವ ಅನುಕೂಲ ಇರೋದು ನಿಮಗೆ, ಅವನಿಗಲ್ಲ! ಆದರೆ ಮಾತು ಸ್ಪ್ರಿಂಗ್‌ಗೆ ಮಾತ್ರ ಇರಲಿ. ಮಾಸ್ಕೋ ಆರ್ಮಿ ಉಕ್ರೇನ್‌ಗೆ ಇಳಿದರೆ ("ರುಮೇನಿಯಾಗೆ ಬೇಕು" ಅಂತಾನೆ, ನಿಜವೂ ಇರಬಹುದು) ಫಾಲ್‌ನಲ್ಲಿ (ವರ್ಷದ ಎರಡನೇ ನಡೆ) ವಾರ್ಸಾಗೆ ಸಪೋರ್ಟ್ ಸಿಗುತ್ತೆ, ಒಂಟಿ ವಿಯೆನ್ನಾದಿಂದ ತಡೆಯೋಕಾಗಲ್ಲ.

ಟ್ರಿಯೆಸ್ಟ್_ಕಾವಲುಗಾರ:
ಇಟಲಿಯದ್ದು ಒಪ್ಪಂದವೇ ಅಲ್ಲ, ಬರೀ ಒಳ್ಳೆ ಮಾತು. ಪ್ರಾಂತ್ಯ, ಯೂನಿಟ್, ಸೀಸನ್ ಮೂರೂ ಹೆಸರಿಸಿ ಬರೆಸಿಕೊಳ್ಳಿ: "1901ರ ಸ್ಪ್ರಿಂಗ್, ಫಾಲ್ ಎರಡರಲ್ಲೂ ಟೈರೋಲಿಯಾ ಖಾಲಿ. ವೆನಿಸ್ ಆರ್ಮಿ ಟ್ರಿಯೆಸ್ಟ್ ಕಡೆ ಹೊರಡುವುದಿಲ್ಲ. ವಿಂಟರ್‌ನಲ್ಲಿ ವೆನಿಸ್‌ನಲ್ಲಿ ಇಟಲಿಯ ಹೊಸ ಆರ್ಮಿ ಇಲ್ಲ, ಟ್ರಿಯೆಸ್ಟ್‌ನಲ್ಲಿ ಆಸ್ಟ್ರಿಯಾದ ಹೊಸ ಫ್ಲೀಟ್ (ನೌಕಾಪಡೆ) ಇಲ್ಲ." ಕೊನೆಯ ಸಾಲನ್ನು ಜನ ಬಿಟ್ಟುಬಿಡ್ತಾರೆ. ಎಲ್ಲಿ ಏನು ಬಿಲ್ಡ್ ಮಾಡಿದ ಅನ್ನೋದರಲ್ಲೇ ಮುಂದಿನ ವರ್ಷದ ಚೂರಿ ಕಾಣಿಸೋದು. ಬಿಲ್ಡ್ ನೋಡಿಕೊಂಡೇ 1902ಕ್ಕೆ ನ್ಯಾಪ್ ಮುಂದುವರಿಸಿ, ಮೊದಲೇ ಮಾತು ಕೊಡಬೇಡಿ.

ಆರನೇ_ಡೆಡ್‌ಲೈನ್:
ಮುರಿಯುವ ಮುಂಚೆ ನೋಟಿಸ್ ಕೊಡಬೇಕು ಅಂತ ಒಂದು ಷರತ್ತು ಹಾಕಿದರೆ? ಡೊಮಿನಿಯನ್ಸ್ ಅನ್ನೋ ಕಂಪ್ಯೂಟರ್ ಸ್ಟ್ರಾಟಜಿ ಗೇಮ್‌ನಲ್ಲಿ ಮೂರು ಟರ್ನ್ ನೋಟಿಸ್ ರೂಢಿ ಇದೆಯಲ್ಲ.

ಟ್ರಿಯೆಸ್ಟ್_ಕಾವಲುಗಾರ:
ಅಲ್ಲಿ ಆಟ ನೂರಾರು ಪ್ರಾಂತ್ಯದ್ದು, ಹತ್ತಾರು ಟರ್ನ್ ನಡೆಯುತ್ತೆ. ಮಾತು ಮುರಿಯಬಾರದು ಅಂತ ಎಷ್ಟೋ ಆಟಗಳಲ್ಲಿ ಮೊದಲೇ ನಿಯಮ ಇರುತ್ತೆ. ಅಲ್ಲೂ ಜಗಳ ತಪ್ಪಿದ್ದಲ್ಲ. 40ನೇ ಟರ್ನ್‌ನಲ್ಲಿ ನೋಟಿಸ್ ಕೊಟ್ಟರೆ 43ರಲ್ಲಿ ಆರ್ಡರ್ ಹಾಕಬಹುದಾ, ಇಲ್ಲ 43ರಲ್ಲಿ ಸೈನ್ಯ ಬಂದಿಳಿಯಬಹುದಾ ಅಂತ. ಡಿಪ್ಲೊಮಸಿಯಲ್ಲಿ ವರ್ಷಕ್ಕೆ ಎರಡೇ ನಡೆ, ಮಾತು ಪಾಲಿಸಲೇಬೇಕೆಂಬ ನಿಯಮವೂ ಇಲ್ಲ. ನೋಟಿಸ್ ಕೊಟ್ಟು ದಾಳಿ ಮಾಡುವವನು ಇಲ್ಲಿ ಸಿಗಲ್ಲ.

ಮಂಡಕ್ಕಿ_ಮಂತ್ರಿ:
ಇಟಲಿ ಮಾತು ಕೊಟ್ಟೂ ಸ್ಪ್ರಿಂಗ್‌ನಲ್ಲಿ ಟೈರೋಲಿಯಾಕ್ಕೆ ಬಂದು "ಮ್ಯೂನಿಕ್‌ಗೆ ಹೊರಟಿದ್ದೀನಿ" ಅಂದರೆ?

ಕಾಲಾಳು:
ರೋಮ್ ಆರ್ಮಿ ಎಲ್ಲಿದೆ ನೋಡಿ. ಅಪುಲಿಯಾಗೆ ಹೋಗಿದ್ದರೆ ಅರ್ಧ ನಂಬಬಹುದು. ವೆನಿಸ್‌ಗೆ ಬಂದು ಕೂತಿದ್ದರೆ ಗುರಿ ನೀವೇ, ಟೈರೋಲಿಯಾ ಸಪೋರ್ಟ್‌ನಲ್ಲಿ ವೆನಿಸ್ ಆರ್ಮಿ ಟ್ರಿಯೆಸ್ಟ್‌ಗೆ ನುಗ್ಗುತ್ತೆ. ಸ್ಪ್ರಿಂಗ್‌ನಲ್ಲಿ ನಿಮ್ಮ ಫ್ಲೀಟ್ ಅಲ್ಬೇನಿಯಾಗೆ, ಬುಡಾಪೆಸ್ಟ್ ಆರ್ಮಿ ಸರ್ಬಿಯಾಗೆ ಹೋಗಿದ್ದರೆ, ಫಾಲ್‌ನಲ್ಲಿ ವಿಯೆನ್ನಾದಿಂದ ಟ್ರಿಯೆಸ್ಟ್‌ಗೆ ಆರ್ಡರ್ ಹಾಕಿ, ಸರ್ಬಿಯಾದಿಂದ ಸಪೋರ್ಟ್ ಕೊಡಿಸಿ. ಎರಡಕ್ಕೆರಡು ಬೌನ್ಸ್ ಆಗಿ ಟ್ರಿಯೆಸ್ಟ್ ಉಳಿಯುತ್ತೆ. ಗ್ರೀಸ್‌ಗೆ ಹೋಗುವ ಫ್ಲೀಟ್‌ಗೆ ಸಪೋರ್ಟ್ ತಪ್ಪುತ್ತೆ, ಅದು ಇದರ ಬೆಲೆ. ಅವನು ಟ್ರಿಯೆಸ್ಟ್ ಬಿಟ್ಟು ಟೈರೋಲಿಯಾದಿಂದ ನೇರ ವಿಯೆನ್ನಾಗೆ ನುಗ್ಗಿದರೆ ಮಾತ್ರ ಎಡವಟ್ಟು. ಅಲ್ಲಿ ಎದುರಾಳಿಯನ್ನು ಊಹಿಸಿಯೇ ಆಡಬೇಕು.